ಸರಳ ಚಿಕಿತ್ಸೆ ಯಾರಿಗೆ ಸರಳ?

ಎದೆ ಕೊಯ್ಯದೆ ಹೃದಯದ ವಾಲ್ವ್ ಬದಲಾಯಿಸಿದರು, ಮೂರನೇ ದಿನಕ್ಕೆ ಅಜ್ಜ ನಡಕೊಂಡು ಮನೆಗೆ ಹೋದ. ಇಂಥ ಸುದ್ದಿ ಆಗಾಗ ನಮ್ಮ ಕ್ಲಾಸ್ ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ. ಬಯೋಮೆಡಿಕಲ್‌ನವರು ಚಪ್ಪಾಳೆ ಇಮೋಜಿ ಹಾಕ್ತಾರೆ, ಮೆಕ್ಯಾನಿಕಲ್‌ನವರು ಫ್ರೇಮಿನ ಲೋಹ ಯಾವುದು ಅಂತ ಕೇಳ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಮ್ಮ ಬಳಗದಲ್ಲಿ ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್ ಕಡೆಯವರೂ ಇದ್ದೇವೆ. ನಮಗೆ ಬರುವ ಪ್ರಶ್ನೆ ಬೇರೆ. ಸರಳ ಅಂದರಲ್ಲ, ಯಾರಿಗೆ ಸರಳ? ಡಾಕ್ಟರಿಗೋ, ಆಸ್ಪತ್ರೆಗೋ, ಗುರುಮಠಕಲ್‌ನಿಂದ ಬಸ್ ಹತ್ತಿ ಬಂದವನಿಗೋ?

ಹೊಸ ಕವಾಟಗಳೂ ಬರಲಿ, ಸರಳ ವಿಧಾನಗಳೂ ಬರಲಿ, ನಮ್ಮ ತಕರಾರಿಲ್ಲ. ಆದರೆ ಚಿಕಿತ್ಸೆ ಎಷ್ಟು ಸರಳವಾಗುತ್ತದೋ ಅದರ ಪರೀಕ್ಷೆ ಅಷ್ಟು ಕಠಿಣವಾಗಬೇಕು. ಆ ಪರೀಕ್ಷೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಲ್ಲದೆ ಗುರುಮಠಕಲ್‌ನಂಥ ಊರಿನ ತನಕ ಬರಬೇಕು. ನಾವು ಹೇಳಬೇಕೆಂದಿರುವುದು ಇಷ್ಟೇ.

ಸುಣ್ಣ ಕಟ್ಟಿದ ಬಾಗಿಲು

ಬಾವಿಗೆ ಮೋಟರ್ ಇಳಿಸಿದ ಮನೆಯವರಿಗೆ ಫುಟ್ ವಾಲ್ವ್ ಗೊತ್ತಿರುತ್ತದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವುದು, ವಾಪಸ್ ಬರದಂತೆ ತಡೆಯುವುದು ಅದರ ಕೆಲಸ. ಸವುಳು ನೀರಿದ್ದರೆ ಕೆಲವು ವರ್ಷಗಳಲ್ಲಿ ಅದಕ್ಕೆ ಉಪ್ಪು ಕಟ್ಟುತ್ತದೆ. ಮೋಟರ್ ಗುಂಯ್ ಅನ್ನುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ.

ಹೃದಯದ ಎಡ ಕೆಳಕೋಣೆಯಿಂದ ಮಹಾಪಧಮನಿಗೆ ರಕ್ತ ಹೋಗುವ ಬಾಗಿಲೇ ಅಯೋರ್ಟಿಕ್ ಕವಾಟ. ಅದಕ್ಕೆ ಮೂರು ತೆಳುವಾದ ಎಲೆಗಳಿರುತ್ತವೆ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಎರಡು ಎಲೆ. ವಯಸ್ಸಾದಂತೆ ಸುಣ್ಣ ಕಟ್ಟಿ, ಅಥವಾ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಅಂಚುಗಳು ಅಂಟಿಕೊಂಡು ಬಾಗಿಲು ಕಿರಿದಾದರೆ ಅದೇ ಅಯೋರ್ಟಿಕ್ ಸ್ಟೆನೋಸಿಸ್. ಆರೋಗ್ಯವಂತರಲ್ಲಿ 3ರಿಂದ 4 ಚದರ ಸೆಂ.ಮೀ. ತೆರೆಯಬೇಕಾದ ಬಾಗಿಲು 1 ಚದರ ಸೆಂ.ಮೀ.ಗಿಂತ ಕಡಿಮೆಯಾದರೆ ಕಾಯಿಲೆ ತೀವ್ರ ಅಂತ ಲೆಕ್ಕ.

ಇದನ್ನು ಅಳೆಯುವುದು ನಾವು ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ಬರೆದ ಬರ್ನೂಲಿ ಸೂತ್ರದಿಂದಲೇ. ಎಕೋ ಯಂತ್ರ ಡಾಪ್ಲರ್ ಬಳಸಿ ಕವಾಟದಲ್ಲಿ ರಕ್ತ ಚಿಮ್ಮುವ ವೇಗ ಹೇಳುತ್ತದೆ. ಆ ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಕವಾಟದ ಆಚೆ-ಈಚೆಗಿನ ಒತ್ತಡದ ವ್ಯತ್ಯಾಸ ಪಾದರಸದ ಮಿಲಿಮೀಟರುಗಳಲ್ಲಿ ಸಿಗುತ್ತದೆ. ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ 64, 5 ಮೀಟರ್ ಇದ್ದರೆ 100. ಹೃದಯ ಪ್ರತಿ ಬಡಿತಕ್ಕೂ ಅಷ್ಟು ಹೆಚ್ಚಿಗೆ ದೂಡಬೇಕು, ದಿನಕ್ಕೆ ಸುಮಾರು ಒಂದು ಲಕ್ಷ ಸಲ. ವರ್ಷಗಟ್ಟಲೆ ಅದು ತಡಕೊಳ್ಳುತ್ತದೆ. ಆಮೇಲೆ ನಡೆದರೆ ದಮ್ಮು ಹತ್ತುತ್ತದೆ, ಎದೆ ಹಿಡಿದಂತಾಗುತ್ತದೆ, ನಿಂತಲ್ಲೇ ಕಣ್ಣು ಕತ್ತಲೆ ಬರುತ್ತದೆ. ಈ ಹಂತ ತಲುಪಿದ ಮೇಲೆ ಕಾಲ ಬಹಳ ಇರುವುದಿಲ್ಲ. ಗುಳಿಗೆಯಿಂದ ಬಾಗಿಲು ತೆರೆಯುವುದಿಲ್ಲ. ಕವಾಟವನ್ನೇ ಬದಲಾಯಿಸಬೇಕು.

ಇದು ನಮ್ಮವರ ಕೆಲಸವೂ ಹೌದು

ಕೃತಕ ಕವಾಟದ ಕತೆ ಬರೀ ಡಾಕ್ಟರುಗಳದ್ದಲ್ಲ. ಅಮೆರಿಕದ ಮೈಲ್ಸ್ ಲೋವೆಲ್ ಎಡ್ವರ್ಡ್ಸ್ ವಿಮಾನದ ಇಂಧನ ಪಂಪ್ ವಿನ್ಯಾಸ ಮಾಡಿದ್ದ ಇಂಜಿನಿಯರ್. ಚಿಕ್ಕಂದಿನಲ್ಲಿ ಸ್ವತಃ ರುಮ್ಯಾಟಿಕ್ ಜ್ವರ ಅನುಭವಿಸಿದವರು. ನಿವೃತ್ತಿಯ ನಂತರ, 1958ರಲ್ಲಿ, ಕೃತಕ ಹೃದಯ ಮಾಡೋಣ ಎಂದು ಸರ್ಜನ್ ಆಲ್ಬರ್ಟ್ ಸ್ಟಾರ್ ಬಳಿ ಹೋದರು. ಮೊದಲು ಒಂದು ವಾಲ್ವ್ ಮಾಡೋಣ ಎಂದರು ಸ್ಟಾರ್. 1960ರಲ್ಲಿ ಪಂಜರದೊಳಗೆ ಗುಂಡು ಇರುವ ಸ್ಟಾರ್-ಎಡ್ವರ್ಡ್ಸ್ ಕವಾಟ ರೋಗಿಯ ಎದೆಯಲ್ಲಿ ಕೆಲಸ ಮಾಡತೊಡಗಿತು.

ಆದರೆ ಅದಕ್ಕೆ ಎದೆಮೂಳೆ ಸೀಳಬೇಕು, ಹೃದಯ ನಿಲ್ಲಿಸಬೇಕು, ಯಂತ್ರದ ಮೇಲೆ ರಕ್ತ ಹರಿಸಬೇಕು. ವಯಸ್ಸಾದವರಿಗೆ, ಮೂತ್ರಪಿಂಡ, ಶ್ವಾಸಕೋಶ ಕೆಟ್ಟವರಿಗೆ ಇದು ಆಗದ ಮಾತು. 1989ರಲ್ಲಿ ಡೆನ್ಮಾರ್ಕಿನ ಹೆನ್ನಿಂಗ್ ರುಡ್ ಆಂಡರ್ಸನ್ ತಂತಿ ಬಗ್ಗಿಸಿ ತಾವೇ ಮಾಡಿದ ಚೌಕಟ್ಟಿಗೆ ಹಂದಿಯ ಕವಾಟ ಹೊಲಿದು, ಬಲೂನಿನ ಮೇಲೆ ಮಡಚಿ, ಹಂದಿಯ ರಕ್ತನಾಳದ ಮೂಲಕವೇ ಹೃದಯಕ್ಕೆ ಕಳಿಸಿ ತೋರಿಸಿದರು. 2002ರ ಏಪ್ರಿಲ್ 16ರಂದು ಫ್ರಾನ್ಸಿನ ರೂಆನ್ ನಗರದಲ್ಲಿ ಅಲೈನ್ ಕ್ರಿಬಿಯೇ ಮೊದಲ ಬಾರಿಗೆ ಮನುಷ್ಯನಿಗೆ ಹೀಗೆ ಕವಾಟ ಕೂರಿಸಿದರು. ಇವತ್ತು ಟಾವಿ ಅಂತ ಕರೆಯುವುದು ಇದನ್ನೇ. ಸಾಮಾನ್ಯವಾಗಿ ತೊಡೆಯ ರಕ್ತನಾಳದಿಂದ ಒಂದು ನಳಿಗೆ, ಅದರ ತುದಿಯಲ್ಲಿ ಮಡಚಿದ ಕವಾಟ, ಹಳೆಯ ಕವಾಟದ ಒಳಗೇ ಅರಳಿಸಿ ಬಿಡುವುದು.

ಈ ವಿಧಾನವನ್ನು ಜಗತ್ತು ನಂಬಿದ್ದು ಚಂದ ಇದೆ ಅಂತ ಅಲ್ಲ, ಪರೀಕ್ಷೆ ಮಾಡಿ. 2010ರಲ್ಲಿ ಪ್ರಕಟವಾದ ಪಾರ್ಟನರ್ ಅಧ್ಯಯನದಲ್ಲಿ ಆಪರೇಷನ್ ಸಾಧ್ಯವೇ ಇಲ್ಲದ 358 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದೊಳಗೆ ಶೇ. 50.7 ಜನ ತೀರಿಕೊಂಡರು, ಟಾವಿ ಆದವರಲ್ಲಿ ಶೇ. 30.7. ಅದೇ ಅಧ್ಯಯನ ಇನ್ನೊಂದನ್ನೂ ಮುಚ್ಚಿಡದೆ ಹೇಳಿತು. ಮೊದಲ ತಿಂಗಳಲ್ಲಿ ದೊಡ್ಡ ಪಾರ್ಶ್ವವಾಯು ಟಾವಿ ಗುಂಪಿನಲ್ಲಿ ಶೇ. 5, ಇನ್ನೊಂದರಲ್ಲಿ ಶೇ. 1.1. ಲಾಭ, ನಷ್ಟ ಎರಡೂ ಒಂದೇ ಪುಟದಲ್ಲಿ. ಪರೀಕ್ಷೆ ಅಂದರೆ ಇದು.

ಸರಳ ಅಂದದ್ದೆಲ್ಲ ಸರಿಯಲ್ಲ

ಸಣ್ಣ ಸುಧಾರಣೆ ಎಂಥ ಅನಾಹುತ ಮಾಡಬಲ್ಲದು ಎಂಬುದಕ್ಕೆ ಬ್ಯೋರ್ಕ್-ಶೈಲಿ ಕವಾಟದ ಕತೆಯನ್ನು ಪ್ರತಿಯೊಬ್ಬ ಮೆಕ್ಯಾನಿಕಲ್ ವಿದ್ಯಾರ್ಥಿಯೂ ಓದಬೇಕು. ಬಿಲ್ಲೆ ಓರೆಯಾಗಿ ತೆರೆಯುವ ಆ ಕವಾಟ ಮೊದಲು ಚೆನ್ನಾಗಿಯೇ ಇತ್ತು. ರಕ್ತ ಇನ್ನೂ ಸಲೀಸಾಗಿ ಹರಿಯಲಿ ಎಂದು ಬಿಲ್ಲೆಯ ಆಕಾರ ಬದಲಿಸಿ ಹೊಸ ಮಾದರಿ ತಂದರು. ಬಿಲ್ಲೆ ಹಿಡಿದಿಡುವ ತಂತಿಯ ವೆಲ್ಡಿಂಗ್ ಕೆಲವರ ಎದೆಯೊಳಗೆ ಬಿಟ್ಟುಕೊಂಡಿತು. 1986ರಲ್ಲಿ ಮಾರುಕಟ್ಟೆಯಿಂದ ವಾಪಸ್ ತೆಗೆಯುವ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 86,000 ಜನರ ಎದೆಯಲ್ಲಿ ಅದು ಇತ್ತು. 600ಕ್ಕೂ ಹೆಚ್ಚು ಕವಾಟ ಮುರಿದವು, ಮುರಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ನಮ್ಮ ಲ್ಯಾಬಿನಲ್ಲಿ ಫಟೀಗ್ ಟೆಸ್ಟ್ ಅಂದರೆ ರೆಕಾರ್ಡ್ ತುಂಬಿಸುವ ಕೆಲಸ. ಅಲ್ಲಿ ಅದು ಪ್ರಾಣದ ಪ್ರಶ್ನೆ.

ಇನ್ನೊಂದು ಉದಾಹರಣೆ ಹತ್ತಿರದ್ದು. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಜಾತಿಯ ಗುಳಿಗೆ ನುಂಗಬೇಕು, ಐಎನ್ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಪದೇ ಪದೇ ಈ ಪರೀಕ್ಷೆ ಬೇಡದ ಹೊಸ ಗುಳಿಗೆ ಎಪಿಕ್ಸಾಬಾನ್ ಬಂದಾಗ ಎಲ್ಲರಿಗೂ ಆಸೆ ಹುಟ್ಟಿತು. ಆನ್-ಎಕ್ಸ್ ಎಂಬ ಕವಾಟವಿದ್ದ 863 ಜನರಲ್ಲಿ ಹೋಲಿಸಿ ನೋಡಿದರು. ಹೊಸ ಗುಳಿಗೆಯವರಲ್ಲಿ ಹೆಪ್ಪಿನ ತೊಂದರೆ ವರ್ಷಕ್ಕೆ ಶೇ. 4.2, ವಾರ್ಫರಿನ್‌ನವರಲ್ಲಿ ಶೇ. 1.3. 2022ರಲ್ಲಿ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಸರಳ ದಾರಿ ಸೋತಿತು, ತಲೆನೋವಿನ ಹಳೆ ದಾರಿ ಗೆದ್ದಿತು. ಪರೀಕ್ಷೆ ಮಾಡದೆ ಬರೆದುಕೊಟ್ಟಿದ್ದರೆ ಎಷ್ಟು ಮನೆ ಹಾಳಾಗುತ್ತಿದ್ದವೋ.

ಚೆನ್ನಾಗಿ ಪರೀಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮುಂದಾಳತ್ವದಲ್ಲಿ, ಜಿ.ಎಸ್. ಭುವನೇಶ್ವರ್ ಅವರಂಥ ಇಂಜಿನಿಯರುಗಳು ಸೇರಿ ಭಾರತದ್ದೇ ಕವಾಟ ಮಾಡಲು ಹೊರಟರು. ಮೊದಲ ಮೂರು ಮಾದರಿ ಸೋತವು. ಕೃತಕ ನೀಲಮಣಿಯ ಬಿಲ್ಲೆ ಹಾಕಿ ನೋಡಿದರೂ ಉಳಿಯಲಿಲ್ಲ. ಕೊನೆಗೆ ಗೆದ್ದದ್ದು ಒಂದು ಬಗೆಯ ಗಟ್ಟಿ ಪಾಲಿಎಥಿಲೀನ್ ಬಿಲ್ಲೆ. 1990ರ ಡಿಸೆಂಬರ್ 6ರಂದು ನಾಲ್ಕನೇ ಮಾದರಿಯನ್ನು ರೋಗಿಗೆ ಅಳವಡಿಸಿದರು. ಮುಂದೆ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಾ ಕವಾಟಗಳು ಬಳಕೆಯಾದವು, ಅದೂ ವಿದೇಶಿ ಕವಾಟಕ್ಕಿಂತ ಬಹಳ ಕಡಿಮೆ ಬೆಲೆಗೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು. ಮೂರು ಸಲ ಸೋತದ್ದನ್ನು ಅವರು ಅವಮಾನ ಅಂದುಕೊಳ್ಳಲಿಲ್ಲ. ರೋಗಿಯ ಎದೆಯಲ್ಲಿ ಸೋಲಬೇಕಾದದ್ದು ಲ್ಯಾಬಿನಲ್ಲಿ ಸೋತಿತು ಅಂತ ತಿಳಿದು ಮುಂದೆ ಹೋದರು.

ಬೆಂಚ್ ಟೆಸ್ಟ್ ಆಚೆಗಿನ ಟೆಸ್ಟ್

ನಿಮಿಷಕ್ಕೆ 70ರಂತೆ ಬಡಿದರೆ ವರ್ಷಕ್ಕೆ ಸುಮಾರು 3.7 ಕೋಟಿ ಬಡಿತ. ಲೋಹದ ಕವಾಟವನ್ನು 40 ಕೋಟಿ ಸಲ, ಪ್ರಾಣಿಯ ಪೊರೆಯಿಂದ ಮಾಡಿದ ಜೈವಿಕ ಕವಾಟವನ್ನು 20 ಕೋಟಿ ಸಲ ತೆರೆದು ಮುಚ್ಚಿ ಪರೀಕ್ಷಿಸುವುದು ಅಂತರರಾಷ್ಟ್ರೀಯ ರೂಢಿ. ಸೆಕೆಂಡಿಗೆ 15 ಸಲದ ವೇಗದಲ್ಲಿ ಹಗಲೂ ರಾತ್ರಿ ಓಡಿಸಿದರೂ 20 ಕೋಟಿಗೆ 154 ದಿನ ಬೇಕು. ಒಂದು ಸೆಮಿಸ್ಟರ್ ಪೂರ್ತಿ. ಆ 20 ಕೋಟಿ ಅಂದರೆ ಎದೆಯೊಳಗಿನ ಲೆಕ್ಕದಲ್ಲಿ ಐದೂವರೆ ವರ್ಷ ಮಾತ್ರ. ಎಂಬತ್ತರ ಅಜ್ಜನಿಗೆ ಅದು ಸಾಕಾಗಬಹುದು. ಮೂವತ್ತೈದರ ಗೌಂಡಿಗೆ?

ಇಲ್ಲಿಂದ ಗುರುಮಠಕಲ್ ಲೆಕ್ಕ ಶುರುವಾಗುತ್ತದೆ. ಊರು ತೆಲಂಗಾಣದ ಗಡಿಗೆ ಅಂಟಿಕೊಂಡಿದೆ. ಯಾದಗಿರಿ ಸುಮಾರು 40 ಕಿ.ಮೀ., ಕಲಬುರಗಿ ಸುಮಾರು 100, ಹೈದರಾಬಾದ್ 150ರ ಆಸುಪಾಸು. ಜಡ್ಡು ಬಿದ್ದವರು ನಾರಾಯಣಪೇಟೆಗೂ ಹೋಗ್ತಾರೆ, ರಾಯಚೂರಿಗೂ ಹೋಗ್ತಾರೆ. ಸುಗ್ಗಿ ಮುಗಿದರೆ ಎಷ್ಟೋ ಮನೆಗಳಿಗೆ ಬೀಗ. ಬೆಂಗಳೂರು, ಹೈದರಾಬಾದ್, ಮುಂಬೈ ಅಂತ ದುಡಿಯಲು ಹೋಗಿರುತ್ತಾರೆ.

ಇಂಥ ಒಬ್ಬ ದುಡಿಯುವವನಿಗೆ ಮೂರು ಆಯ್ಕೆ ಇಟ್ಟು ನೋಡಿ. ಲೋಹದ ಕವಾಟ ಗಟ್ಟಿ, ಅಗ್ಗ, ದಶಕಗಟ್ಟಲೆ ಬಾಳುತ್ತದೆ. ಆದರೆ ಐಎನ್ಆರ್ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಗುಳಿಗೆಯ ಬಲ ತಗ್ಗಿಸುತ್ತದೆ. ಹಾಗಂತ ಪುಂಡಿಪಲ್ಯ ಬಿಡಬೇಕಿಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಬೇಕು ಅಂತಾರೆ ಡಾಕ್ಟರು. ಮಳೆಗಾಲದಲ್ಲಿ ಹೊಲದ ತುಂಬ ಪಲ್ಯ, ಬೇಸಿಗೆಯಲ್ಲಿ ಸೈಟಿನ ಶೆಡ್ಡಿನಲ್ಲಿ ಬರೀ ಅನ್ನ ಸಾರು. ಅಳತೆ ಎಲ್ಲಿಂದ ಬರಬೇಕು?

ಜೈವಿಕ ಕವಾಟಕ್ಕೆ ಈ ಗುಳಿಗೆಯ ಕಾಟ ಕಡಿಮೆ, ಆದರೆ ಹತ್ತು-ಹದಿನೈದು ವರ್ಷಕ್ಕೆ ಸವೆಯುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ಬೇಗ. ಅಂದರೆ ಎರಡನೇ ಆಪರೇಷನ್ ಮೊದಲೇ ಬರೆದಿಟ್ಟಂತೆ. ಟಾವಿಯಲ್ಲಿ ಗಾಯ ಚಿಕ್ಕದು, ಕೆಲಸಕ್ಕೆ ಬೇಗ ಮರಳಬಹುದು. ಆದರೆ ಅದೂ ಜೈವಿಕ ಕವಾಟವೇ, ಖರ್ಚು ಸಾಮಾನ್ಯವಾಗಿ ಹತ್ತು ಲಕ್ಷ ದಾಟುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಇರುವ ಮಿತಿ 5 ಲಕ್ಷ. ಸ್ವತಃ ಅರಳುವ ಒಂದು ಬಗೆಯ ಟಾವಿ ಕವಾಟದ 2019ರ ಅಧ್ಯಯನದಲ್ಲಿ ಒಂದು ತಿಂಗಳೊಳಗೆ ಪೇಸ್‌ಮೇಕರ್ ಬೇಕಾದವರು ಶೇ. 17.4, ಎದೆ ತೆರೆದು ಮಾಡಿದವರಲ್ಲಿ ಶೇ. 6.1. ಪೇಸ್‌ಮೇಕರ್ ಅಂದರೆ ಮತ್ತೆ ತಪಾಸಣೆ, ಮುಂದೊಂದು ದಿನ ಮತ್ತೆ ಬ್ಯಾಟರಿ, ಮತ್ತೆ ಬಸ್ಸು.

ಯಾರ ಮೇಲೆ ಪರೀಕ್ಷೆ ಆಯಿತು?

ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ ನಮ್ಮ ದೇಶದಲ್ಲೇ ತಯಾರಾದ ಟಾವಿ ಕವಾಟ. ಒಂದೂವರೆ ಮಿಲಿಮೀಟರ್ ಅಂತರದಲ್ಲಿ ಹೆಚ್ಚು ಅಳತೆಗಳಲ್ಲಿ ಸಿಗುವುದು ಅದರ ವಿಶೇಷ. 2024ರಲ್ಲಿ ಪ್ರಕಟವಾದ ಲ್ಯಾಂಡ್‌ಮಾರ್ಕ್ ಅಧ್ಯಯನದಲ್ಲಿ ಅದನ್ನು 768 ರೋಗಿಗಳಲ್ಲಿ ಹೆಸರಾಂತ ವಿದೇಶಿ ಕವಾಟಗಳ ಜೊತೆ ಹೋಲಿಸಿದರು. 30 ದಿನದೊಳಗಿನ ಒಟ್ಟು ತೊಂದರೆಗಳು ಮೈವಾಲ್‌ನಲ್ಲಿ ಶೇ. 24.7, ಉಳಿದವುಗಳಲ್ಲಿ ಶೇ. 27. ಯಾರಿಗೂ ಕಡಿಮೆ ಇಲ್ಲ ಅಂತ ಸಾಬೀತಾಯಿತು. ನಮಗೂ ಹೆಮ್ಮೆಯೇ. ಆದರೆ ಅದು ನಡೆದದ್ದು ಯುರೋಪ್, ನ್ಯೂಜಿಲೆಂಡ್, ಬ್ರೆಜಿಲ್‌ನಲ್ಲಿ, ಸರಾಸರಿ 80 ವರ್ಷದವರ ಮೇಲೆ. ಭಾರತದಲ್ಲಿ ಮೊದಲೇ ಒಂದು ಸಣ್ಣ ಅಧ್ಯಯನ ಆಗಿತ್ತು, ಅಷ್ಟೇ.

ದೊಡ್ಡ ಟಾವಿ ಅಧ್ಯಯನಗಳು ಎರಡೆಲೆಯ ಕವಾಟದವರನ್ನು ಬಹುಮಟ್ಟಿಗೆ ಹೊರಗಿಟ್ಟವು. ಸುಣ್ಣ ಕಟ್ಟದ, ರುಮ್ಯಾಟಿಕ್ ಜ್ವರದಿಂದ ಅಂಟಿಕೊಂಡ ಕವಾಟಗಳೂ ಹೊರಗೆ ಉಳಿದವು. ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಕವಾಟ ಕೆಡುವುದು ಹೆಚ್ಚಾಗಿ ಇವರಿಗೇ. 2024ರ ನೋಷನ್-2 ಅಧ್ಯಯನ 75 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರನ್ನು ತೆಗೆದುಕೊಂಡು ಎರಡೆಲೆಯ 100 ಜನರನ್ನೂ ಸೇರಿಸಿತು. ಆ ನೂರು ಜನರಲ್ಲಿ ಒಂದು ವರ್ಷದೊಳಗೆ ಸಾವು, ಪಾರ್ಶ್ವವಾಯು ಅಥವಾ ಮತ್ತೆ ಆಸ್ಪತ್ರೆ ಸೇರುವುದು ಟಾವಿಯಲ್ಲಿ ಶೇ. 14.3, ತೆರೆದ ಆಪರೇಷನ್‌ನಲ್ಲಿ ಶೇ. 3.9. ನೂರು ಜನರ ಲೆಕ್ಕದಿಂದ ತೀರ್ಪು ಕೊಡಲಾಗದು, ಆದರೆ ಎಚ್ಚರಿಕೆಯ ಗಂಟೆ ಬಾರಿಸಲು ಸಾಕು. ಹೆಣ್ಣುಮಕ್ಕಳ ಕತೆಯೂ ಹೀಗೆಯೇ. ಅವರಲ್ಲಿ ಕವಾಟದ ಬಳೆ ಚಿಕ್ಕದು. ಚಿಕ್ಕ ಬಳೆಯವರಿಗೆ ಯಾವ ಕವಾಟ ಒಳ್ಳೆಯದು ಅಂತ ಕೇಳಿದ ಸ್ಮಾರ್ಟ್ ಅಧ್ಯಯನ ಬಂದದ್ದು 2024ರಲ್ಲಿ. ಅದರ 716 ರೋಗಿಗಳಲ್ಲಿ ಶೇ. 87 ಹೆಂಗಸರು. ಕ್ರಿಬಿಯೇ ಮೊದಲ ಕವಾಟ ಕೂರಿಸಿ ಆಗ 22 ವರ್ಷ ಕಳೆದಿತ್ತು.

ಊರಲ್ಲಿ ಡಾಕ್ಟರೇ ಇಲ್ಲ, ಟಾವಿ ಯಾಕೆ?

ಈ ಮಾತನ್ನು ನಮ್ಮ ಗೆಳೆಯರೇ ಕೇಳ್ತಾರೆ. ಜ್ವರಕ್ಕೆ ಔಷಧ ಸಿಗುವುದೇ ಕಷ್ಟ ಇರೋ ಕಡೆ ಇಷ್ಟು ದೊಡ್ಡ ಮಾತು ಯಾಕ್ರಪ್ಪ ಅಂತ. ಮಕ್ಕಳ ಗಂಟಲುನೋವಿಗೆ ಸರಿಯಾದ ಹೊತ್ತಿಗೆ ಪೆನಿಸಿಲಿನ್ ಸಿಕ್ಕರೆ ರುಮ್ಯಾಟಿಕ್ ಜ್ವರವೇ ಬರುವುದಿಲ್ಲ. ಅದಕ್ಕಿಂತ ಸರಳ ಚಿಕಿತ್ಸೆ ಯಾವುದೂ ಇಲ್ಲ. ಅದು ಮೊದಲು ಆಗಲೇಬೇಕು. ಆದರೆ ಈಗಾಗಲೇ ಕವಾಟ ಕೆಟ್ಟವರಿಗೆ ನಾವು ಏನು ಹೇಳೋಣ? ನಿಮ್ಮ ಸರದಿ ಆಮೇಲೆ ಅಂತಲೇ?

ಜೊತೆಗೆ ಕಾಲ ಬದಲಾಗುತ್ತಿದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ ತೆರೆಯಿತು. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲಿಂದಲೇ ನೋಡುತ್ತಾರೆ. ಹೃದಯಾಘಾತಕ್ಕೆ ಹಾಕಿದ ಈ ದಾರಿಯಲ್ಲೇ ಕವಾಟದ ಎಕೋ ಕೂಡ ಹೋಗಬಹುದಲ್ಲ? ಸ್ಟೆತಸ್ಕೋಪಿನಲ್ಲಿ ಮರ್ಮರ ಕೇಳಿದವರನ್ನು ತಾಲ್ಲೂಕಿನಲ್ಲೇ ಎಕೋ ಮಾಡಿಸಿ ಕಲಬುರಗಿಗೆ ತೋರಿಸಿದರೆ, ಕಣ್ಣು ಕತ್ತಲೆ ಬಂದು ಬೀಳುವ ಮೊದಲೇ ಕಾಯಿಲೆ ಸಿಗುತ್ತದೆ.

ನಾವು ಕೇಳುವುದು ನಾಲ್ಕು. ಒಂದು, ಹೊಸ ಕವಾಟದ ಅಧ್ಯಯನಗಳಲ್ಲಿ ನಮ್ಮಂಥ ಜಿಲ್ಲೆಯ ಕಿರಿಯ ವಯಸ್ಸಿನವರು, ಎರಡೆಲೆಯವರು, ರುಮ್ಯಾಟಿಕ್‌ನವರು, ಹೆಂಗಸರು ಇರಲೇಬೇಕು. ಭಾರತದಲ್ಲೇ 67 ರೋಗಿಗಳ ಮೇಲೆ ನಡೆದ ಪಾಲಿಮರ್ ಎಲೆಯ ಮೈಟ್ರಲ್ ಕವಾಟದ ಅಧ್ಯಯನ ಇದು ಸಾಧ್ಯ ಅಂತ ತೋರಿಸಿದೆ. ಎರಡು, 30 ದಿನದ ಲೆಕ್ಕ ಸಾಲದು. ಹತ್ತು ವರ್ಷ ಬೆನ್ನು ಹತ್ತಬೇಕು. ದುಡಿಯಲು ಊರು ಬಿಟ್ಟವನೂ ಆ ಲೆಕ್ಕದಲ್ಲಿ ಕಳೆದುಹೋಗಬಾರದು. ಮೂರು, ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದ ಅಂತ ಮಾತ್ರ ಬರೆದರೆ ಸಾಲದು. ಎಷ್ಟು ಸಲ ಬಸ್ ಹತ್ತಿದ, ಎಷ್ಟು ದಿನದ ಕೂಲಿ ಹೋಯಿತು ಅಂತಲೂ ಬರೆಯಬೇಕು.

ನಾಲ್ಕನೆಯದು ನಮ್ಮ ಕನ್ನಡ ಬಳಗಕ್ಕೇ ಸೇರಿದ್ದು. 2009ರ ಜೂನ್‌ನಿಂದ ಭಾರತದಲ್ಲಿ ಕ್ಲಿನಿಕಲ್ ಟ್ರಯಲ್‌ಗಳನ್ನು ಸಾರ್ವಜನಿಕ ಪಟ್ಟಿಯಲ್ಲಿ ನೋಂದಾಯಿಸುವುದು ಕಡ್ಡಾಯ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯುವುದೂ ಕಡ್ಡಾಯ. ಅರ್ಥವಾಗುವ ಭಾಷೆ ಅಂದರೆ ಯಾವುದು? ಮಹಾಪಧಮನಿ ಕವಾಟ ಸಂಕುಚನ ಅಂತ ಅಚ್ಚು ಮಾಡಿದರೆ ಅದು ಕನ್ನಡ ಹೌದು, ಗುರುಮಠಕಲ್ ಸಂತೆಯಲ್ಲಿ ನಿಂತವನಿಗೆ ಅದೂ ಒಂದೇ, ಲ್ಯಾಟಿನ್ನೂ ಒಂದೇ. ನಿಮ್ಮ ಎದಿ ಒಳಗಿನ ಬಾಗಿಲಿಗೆ ಸುಣ್ಣ ಕಟ್ಟ್ಯಾದ, ಎರಡು ನಮೂನಿ ವಾಲ್ವ್ ಅದಾವ, ಯಾವುದು ಛಲೋ ಅಂತ ನಮಗೂ ಪೂರಾ ಗೊತ್ತಿಲ್ಲ, ಅದಕ್ಕೇ ಈ ಪರೀಕ್ಷಾ, ನಿಮಗ ಬ್ಯಾಡ ಅನಿಸಿದ್ರ ಬಿಡಬಹುದು, ಇಲಾಜು ನಿಲ್ಲಂಗಿಲ್ಲ. ಇಷ್ಟು ಹೇಳಿದರೆ ಸಾಕು, ಒಪ್ಪುವುದೋ ಬಿಡುವುದೋ ಅವನೇ ಯೋಚಿಸಬಲ್ಲ. ಗಡಿಯ ಊರಾದ್ದರಿಂದ ಇದೇ ಮಾತು ತೆಲುಗಿನಲ್ಲೂ ಉರ್ದುವಿನಲ್ಲೂ ಬೇಕು. ನವೆಂಬರ್‌ನಲ್ಲಿ ಬಾವುಟ ಹಾರಿಸುವಷ್ಟೇ ಉತ್ಸಾಹದಿಂದ ಇಂಥ ಒಂದು ಒಪ್ಪಿಗೆ ಪತ್ರವನ್ನು ತಿದ್ದಲು ಕೂತರೆ, ಭಾಷೆಗೆ ಅದಕ್ಕಿಂತ ದೊಡ್ಡ ಸೇವೆ ನಮಗೆ ಕಾಣುವುದಿಲ್ಲ.

ಉಳಿದದ್ದು ನಮ್ಮ ಲ್ಯಾಬಿನ ಕೆಲಸ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಅನ್ನುವವರಿಗೆ ಇಲ್ಲಿ ಬೇಕಾದಷ್ಟಿದೆ. ಬಡಿತದ ಒತ್ತಡ ಹುಟ್ಟಿಸುವ ಅಗ್ಗದ ಪಂಪ್, ಮರ್ಮರ ಗುರುತಿಸುವ ಸ್ಟೆತಸ್ಕೋಪ್, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಒಂದು ಹನಿ ರಕ್ತದಿಂದ ಐಎನ್ಆರ್ ಹೇಳುವ ಉಪಕರಣ, ಊರು ಬದಲಾಯಿಸಿದವರಿಗೆ ಗುಳಿಗೆ, ತಪಾಸಣೆ ನೆನಪಿಸುವ ಕನ್ನಡ ದನಿಯ ಫೋನ್ ಕರೆ. ವೈವಾದಲ್ಲಿ ಎಫಿಷಿಯನ್ಸಿ ಎಷ್ಟು ಅಂತ ಕೇಳೇ ಕೇಳ್ತಾರೆ. ಅದರ ಜೊತೆಗೆ, ಗುರುಮಠಕಲ್‌ನಲ್ಲಿ ಕರೆಂಟ್ ಹೋದಾಗ ಇದು ನಡೆಯುತ್ತದಾ, ಕೆಟ್ಟರೆ ರಿಪೇರಿ ಮಾಡುವವರು ಯಾರು ಅಂತಲೂ ನಮ್ಮನ್ನು ಕೇಳಲಿ. ಉತ್ತರ ಇಟ್ಟುಕೊಂಡೇ ಹೋಗೋಣ.